ರಟ್ಟಿನ ವಯಸ್ಸು, ಚಿತ್ರದ ವಯಸ್ಸು: ಹಳೆಯ ಬೇಸ್‌ಬಾಲ್ ಫೋಟೊ ಮತ್ತು ಅದರಿಂದಾದ ಕಾರ್ಡು

ಪ್ರಶ್ನೆ: ನಾವು ಹಾಸನದ ಕಡೆಯವರು. ಹನ್ನೊಂದು ವರ್ಷಗಳಿಂದ ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರ ಇದ್ದೇವೆ. ಮಗನಿಗೆ ಬೇಸ್‌ಬಾಲ್ ಹುಚ್ಚು. ಇತ್ತೀಚೆಗೆ ಪಕ್ಕದ ಬೀದಿಯಲ್ಲಿ ತೀರಿಕೊಂಡ ಹಿರಿಯರೊಬ್ಬರ ಮನೆಯ ಸಾಮಾನುಗಳನ್ನು ಮಾರುತ್ತಿದ್ದಾಗ ಎರಡು ವಸ್ತುಗಳು ಕಣ್ಣಿಗೆ ಬಿದ್ದವು. ಒಂದು, 1910ರ ಸುಮಾರಿನಲ್ಲಿ ಸಿಗರೇಟು ಪೊಟ್ಟಣದೊಳಗೆ ಬರುತ್ತಿದ್ದ ಬೆರಳುದ್ದದ ಬಣ್ಣದ ಕಾರ್ಡು. ಇನ್ನೊಂದು, ಅದೇ ಆಟಗಾರನ ಅದೇ ಭಂಗಿಯ ಕಪ್ಪು-ಬಿಳುಪು ಫೋಟೊ; ದಪ್ಪ ಬೂದು ರಟ್ಟಿಗೆ ಅಂಟಿಸಿದ್ದಾರೆ, ರಟ್ಟಿನ ಅಡಿಯಲ್ಲಿ ಬಾಸ್ಟನ್ ನಗರದ ಸ್ಟುಡಿಯೊ ಒಂದರ ಹೆಸರನ್ನು ಒತ್ತಿದ್ದಾರೆ. ‘ಈ ಫೋಟೊ ನೋಡಿಕೊಂಡೇ ಕಾರ್ಡು ಮಾಡಿದ್ದು, ಇಂಥದ್ದು ಬೇರೆಲ್ಲೂ ಇಲ್ಲ’ ಎನ್ನುವ ಮನೆಯವರು ಎರಡಕ್ಕೂ ಸೇರಿಸಿ 2,400 ಡಾಲರ್ ಕೇಳುತ್ತಿದ್ದಾರೆ, ಎರಡು ವಾರ ಕಾಯುತ್ತಾರಂತೆ. ಆದರೆ ಫೋಟೊದಲ್ಲಿ ಅಂಗಿಯ ಎದೆ ಖಾಲಿ ಇದೆ, ಕಾರ್ಡಿನಲ್ಲಿ ಪಿಟ್ಸ್‌ಬರ್ಗ್ ಎಂಬ ಊರಿನ ಹೆಸರಿದೆ. ಆ ಹೆಸರಿನ ಇಂಗ್ಲಿಷ್ ಕಾಗುಣಿತದ ಕೊನೆಯ ‘ಎಚ್’ ಅಕ್ಷರವೇ ಇಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕಾರ್ಡಿನ ತುಂಬ ಚುಕ್ಕಿಗಳು. ‘ಚುಕ್ಕಿ ಇದ್ದರೆ ನಕಲಿ, ಇಲ್ಲದಿದ್ದರೆ ಅಸಲಿ’ ಎಂದು ಗೆಳೆಯರೊಬ್ಬರು ಹೇಳಿದರು. ಹಾಗಾದರೆ ಫೋಟೊ ಮಾತ್ರ ಕೊಳ್ಳಬೇಕೆ? ಕತ್ತಲೆಯಲ್ಲಿ ಅತಿನೇರಳೆ ಟಾರ್ಚ್ ಹಾಕಿ ತೆಗೆದ ಚಿತ್ರಗಳನ್ನೂ, ಒಂದು ಮಗ್ಗುಲಿನಿಂದ ಬೆಳಕು ಬಿಟ್ಟು ತೆಗೆದ ಚಿತ್ರಗಳನ್ನೂ ಕಳುಹಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಅನುಮಾನಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಕಾರ್ಡು ಆ ಕಾಲದ್ದೇ, ಫೋಟೊ ಆ ಕಾಲದ್ದೇ, ಮತ್ತು ಈ ಫೋಟೊದಿಂದಲೇ ಆ ಕಾರ್ಡು ಹುಟ್ಟಿತೇ. ಮಾರುವವರು ಮೂರಕ್ಕೂ ಒಂದೇ ಉತ್ತರವೆಂಬಂತೆ ಮಾತನಾಡುತ್ತಿದ್ದಾರೆ, ಬೆಲೆಯನ್ನೂ ಹಾಗೆಯೇ ಕಟ್ಟಿದ್ದಾರೆ. ಹಳೆಯ ಛಾಯಾಚಿತ್ರ ಮತ್ತು ಅಚ್ಚಿನ ಕಾಗದಗಳನ್ನು ಪರೀಕ್ಷಿಸಿ ಕಾಪಾಡುವುದು ನನ್ನ ಕಸುಬು. ನನ್ನ ಮೇಜಿಗೆ ಬರುವ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಇಂತಹ ಜೋಡಿಗಳಿಂದಲೇ. ಎರಡರಲ್ಲೂ ಮುಖ ಒಂದೇ ಎಂದು ಕಂಡೊಡನೆ ನಮ್ಮ ಕಣ್ಣು ಸಮಾಧಾನಪಟ್ಟುಕೊಂಡುಬಿಡುತ್ತದೆ, ಕಾಗದವನ್ನು ನೋಡುವುದನ್ನೇ ಮರೆಯುತ್ತದೆ. ಮಾತುಕತೆ ಇನ್ನೂ ಮುಗಿದಿಲ್ಲವಾದ್ದರಿಂದ ಆಟಗಾರನ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ.

ಮೊದಲು ಕಾರ್ಡಿನ ವಿಚಾರ. ನೀವು ಕಳುಹಿಸಿದ್ದು ಸಂಗ್ರಾಹಕರು ‘ಟಿ206’ ಎಂದು ಕರೆಯುವ ಸರಣಿಯದು. ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ತನ್ನ ಹಲವು ಸಿಗರೇಟು ಬ್ರ್ಯಾಂಡುಗಳ ಪೊಟ್ಟಣಗಳಲ್ಲಿ ಇವುಗಳನ್ನು ಇಡುತ್ತಿತ್ತು; ಸರಣಿಯಲ್ಲಿ 500ಕ್ಕೂ ಮಿಕ್ಕಿ ಕಾರ್ಡುಗಳಿವೆ. ‘ಟಿ206’ ಎಂಬುದು ಕಂಪನಿ ಇಟ್ಟ ಹೆಸರಲ್ಲ. ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕ ದಶಕಗಳ ನಂತರ ಅಮೆರಿಕದ ಕಾರ್ಡುಗಳಿಗೆಲ್ಲ ಪಟ್ಟಿ ಕಟ್ಟಿದಾಗ ಕೊಟ್ಟ ಸಂಖ್ಯೆ ಅದು. ಅವನ ಸಂಗ್ರಹ ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ.

ಈ ಕಾರ್ಡುಗಳು ಫೋಟೊಗಳಲ್ಲ, ಕಲ್ಲಚ್ಚಿನ ಚಿತ್ರಗಳು. ಫೋಟೊವನ್ನು ಮುಂದಿಟ್ಟುಕೊಂಡ ಮುದ್ರಣಾಲಯದ ಕಲಾವಿದ ಮುಖದ ನೆರಳು-ಬೆಳಕನ್ನು ಸಣ್ಣ ಚುಕ್ಕಿಗಳಾಗಿ ಬಿಡಿಸುತ್ತಿದ್ದ, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚು ಸಿದ್ಧವಾಗುತ್ತಿತ್ತು, ಆ ಬಣ್ಣಗಳು ಒಂದರ ಮೇಲೊಂದು ಕೂತು ಚಿತ್ರ ಮೂಡುತ್ತಿತ್ತು. ನಮ್ಮ ಅಜ್ಜಿಯಂದಿರ ದೇವರಮನೆಯಲ್ಲಿದ್ದ ರವಿವರ್ಮ ಪ್ರೆಸ್ಸಿನ ಲಕ್ಷ್ಮೀ, ಸರಸ್ವತಿಯರ ಪಟಗಳೂ ಇದೇ ವಿದ್ಯೆಯಿಂದ ಆದವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ತೈಲಚಿತ್ರಗಳನ್ನು ನೋಡಿದವರು ಮನೆಯ ಪಟವನ್ನು ‘ಚುಕ್ಕಿಗಳಿವೆ, ಆದ್ದರಿಂದ ನಕಲಿ’ ಎನ್ನುವುದಿಲ್ಲ. ಅದು ಅಚ್ಚಿನ ಪಟವೆಂದೇ ಅಸಲಿ. ಆದ್ದರಿಂದ ಗೆಳೆಯರ ಸೂತ್ರವನ್ನು ಬಿಟ್ಟುಬಿಡಿ. ಟಿ206 ಕಾರ್ಡಿನಲ್ಲಿ ಚುಕ್ಕಿಗಳು ಇರಲೇಬೇಕು. ಯಾವ ಬಗೆಯ ಚುಕ್ಕಿ ಎಂಬುದಷ್ಟೇ ಪ್ರಶ್ನೆ.

ಅದನ್ನು ತಿಳಿಯಲು ಮುಖವನ್ನಲ್ಲ, ಕೆಳಗಿನ ಅಕ್ಷರಗಳನ್ನು ನೋಡಿ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಡಿ ಹಳೆಯ ಕಾರ್ಡಿನ ಹೆಸರು, ಊರುಗಳ ಕಂದು ಅಕ್ಷರಗಳು ಒಂದೇ ಶಾಯಿಯಲ್ಲಿ ತುಂಬಿಕೊಂಡಿರುತ್ತವೆ, ಅಂಚು ಗಟ್ಟಿಯಾಗಿರುತ್ತದೆ. ಈಚಿನ ಮರುಮುದ್ರಣದಲ್ಲಿ ಇಡೀ ಕಾರ್ಡನ್ನು ಸ್ಕ್ಯಾನ್ ಮಾಡಿ ನಾಲ್ಕು ಬಣ್ಣದ ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿರುವುದರಿಂದ ಅಕ್ಷರವೇ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳಾಗಿ ಒಡೆದಿರುತ್ತದೆ. ಮುಖದ ಚುಕ್ಕಿಗಳೂ ರಂಗೋಲಿಗೆ ಇಟ್ಟ ಚುಕ್ಕಿಗಳಂತೆ ಲೆಕ್ಕದಲ್ಲಿ ಕೂತಿರುತ್ತವೆ. ನೀವು ಕಳುಹಿಸಿದ ಹಿಗ್ಗಿಸಿದ ಚಿತ್ರದಲ್ಲಿ ಅಕ್ಷರಗಳು ಗಟ್ಟಿಯಾಗಿವೆ, ಕೆನ್ನೆಯ ಚುಕ್ಕಿಗಳು ಅಡ್ಡಾದಿಡ್ಡಿಯಾಗಿವೆ, ಕೆಂಪು ಬಣ್ಣ ತುಟಿಯ ಗೆರೆಯಿಂದ ಕೂದಲೆಳೆಯಷ್ಟು ಆಚೆ ಸರಿದಿದೆ. ಎಲ್ಲವೂ ಒಳ್ಳೆಯ ಲಕ್ಷಣಗಳು. ಅತಿನೇರಳೆ ಬೆಳಕಿನಲ್ಲಿ ಕಾರ್ಡು ಮಂಕಾಗಿಯೇ ಉಳಿದಿರುವುದೂ ಒಳ್ಳೆಯದೇ; ಕಾರಣವನ್ನು ಫೋಟೊದ ವಿಚಾರ ಬಂದಾಗ ಹೇಳುತ್ತೇನೆ.

ಇನ್ನು ಕಳೆದುಹೋದ ‘ಎಚ್’. ಇದು ಓದಿ ನನಗೆ ಖುಷಿಯಾಯಿತು, ಏಕೆಂದರೆ ನಿಮ್ಮನ್ನು ಹೆದರಿಸಿದ ಸಂಗತಿಯೇ ನಿಮ್ಮ ಪರವಾಗಿದೆ. ಊರ ಹೆಸರುಗಳನ್ನು ಏಕರೂಪಗೊಳಿಸಲು ಹೊರಟ ಅಮೆರಿಕದ ಸರಕಾರಿ ಮಂಡಳಿ 1891ರಲ್ಲಿ ಪಿಟ್ಸ್‌ಬರ್ಗ್‌ನ ಕಾಗುಣಿತದಿಂದ ಕೊನೆಯ ‘ಎಚ್’ ಅನ್ನು ತೆಗೆದುಹಾಕಿತು. ಊರವರ ಗೊಣಗಾಟ ಇಪ್ಪತ್ತು ವರ್ಷ ನಡೆದು, 1911ರ ಜುಲೈನಲ್ಲಿ ಅದು ಮರಳಿ ಬಂತು. ಟಿ206 ಅಚ್ಚಾದದ್ದು ಆ ಅವಧಿಯಲ್ಲಿ. ನಿಮ್ಮ ಕಾರ್ಡಿನಲ್ಲಿ ‘ಎಚ್’ ಇದ್ದಿದ್ದರೆ ನಾನು ಚಿಂತೆ ಮಾಡುತ್ತಿದ್ದೆ.

ಅಂಗಿಯ ಮೇಲಿನ ಅಕ್ಷರಗಳ ವಿಚಾರವೂ ಇಂತಹದೇ. ಫೋಟೊದಲ್ಲಿ ಇಲ್ಲದ್ದು ಕಾರ್ಡಿನಲ್ಲಿ ಇದೆಯೆಂದರೆ ಎರಡರಲ್ಲೊಂದು ಸುಳ್ಳು ಎಂದೇನೂ ಅಲ್ಲ. ಮುದ್ರಣಾಲಯದ ಕಲಾವಿದನಿಗೆ ಫೋಟೊ ಒಂದು ಆಧಾರ ಮಾತ್ರ; ಹಿನ್ನೆಲೆ ಅವನದು, ಬಣ್ಣ ಅವನದು, ಬೇಕೆಂದರೆ ತಂಡವೂ ಅವನದೇ. ಇದೇ ಸರಣಿಯಲ್ಲಿ ರೇ ಡೆಮಿಟ್ ಎಂಬ ಆಟಗಾರನ ಎರಡು ಕಾರ್ಡುಗಳಿವೆ. ಒಂದರಲ್ಲಿ ಅವನು ನ್ಯೂಯಾರ್ಕ್‌ನವನು, ಇನ್ನೊಂದರಲ್ಲಿ ಸೇಂಟ್ ಲೂಯಿಸ್‌ನವನು. ಚಿತ್ರ ಒಂದೇ, 1909ರ ಕೊನೆಯಲ್ಲಿ ಅವನು ತಂಡ ಬದಲಿಸಿದ್ದಕ್ಕಾಗಿ ಉಡುಪನ್ನಷ್ಟೇ ತಿದ್ದಿದ್ದಾರೆ. ಮರೆವಿನಿಂದಾದ ವ್ಯತ್ಯಾಸಗಳೂ ಉಂಟು. ಟಾಪ್ಸ್ ಎಂಬ ಕಂಪನಿಯ 1957ರ ಕಾರ್ಡಿನಲ್ಲಿ ಬಲಗೈ ಬ್ಯಾಟುಗಾರ ಹ್ಯಾಂಕ್ ಆರನ್ ಎಡಗೈ ಆಟಗಾರನಂತೆ ನಿಂತಿದ್ದಾರೆ, ಏಕೆಂದರೆ ಅಚ್ಚಿಗೆ ಹೋಗುವಾಗ ನೆಗೆಟಿವ್ ಮಗುಚಿಕೊಂಡಿತ್ತು. ಆ ಕಾರ್ಡು ಅಸಲಿಯೇ.

ಎಲ್ಲ ಹಳೆಯ ಕಾರ್ಡುಗಳೂ ಅಚ್ಚಿನವೇ ಎಂದು ತಿಳಿಯಬೇಡಿ. 1880ರ ದಶಕದ ಕೊನೆಯಲ್ಲಿ ಗುಡ್‌ವಿನ್ ಕಂಪನಿ ಹೊರತಂದ ‘ಓಲ್ಡ್ ಜಡ್ಜ್’ ಸಿಗರೇಟಿನ ಕಾರ್ಡುಗಳು ನಿಜವಾದ ಫೋಟೊಗಳು: ಮೊಟ್ಟೆಯ ಬಿಳಿ ಲೋಳೆ ಬಳಿದ ತೆಳು ಕಾಗದದ ಮೇಲೆ ಚಿತ್ರ ಮೂಡಿಸಿ ರಟ್ಟಿಗೆ ಅಂಟಿಸಿದಂಥವು. ಅವುಗಳಲ್ಲಿ ಚುಕ್ಕಿ ಕಂಡರೆ ನಿಮ್ಮ ಗೆಳೆಯರ ಮಾತು ನಿಜವಾಗುತ್ತದೆ. ಸ್ಟುಡಿಯೊದೊಳಗೆ ಬಣ್ಣದ ಪರದೆಯ ಮುಂದೆ ಆಟಗಾರ ಚೆಂಡು ಹಿಡಿಯುವಂತೆ ಕೈಚಾಚಿರುತ್ತಾನೆ. ಚೆಂಡು ಮಾತ್ರ ಅಲ್ಲಾಡದೆ ಗಾಳಿಯಲ್ಲಿ ನಿಂತಿರುತ್ತದೆ, ಹತ್ತಿರದಿಂದ ನೋಡಿದರೆ ಅದನ್ನು ತೂಗುಹಾಕಿದ ದಾರ ಕಾಣುತ್ತದೆ. ಎಷ್ಟು ಬಾರಿ ನೋಡಿದರೂ ನನಗೆ ನಗು ಬರುವುದು ಆ ದಾರಕ್ಕೆ.

ಈಗ ನಿಮ್ಮ ಫೋಟೊ. ಇಲ್ಲಿ ನಾನು ನಿಷ್ಠುರವಾಗಿ ಹೇಳಬೇಕಾಗಿದೆ. ಬಾಸ್ಟನ್ನಿನ ಸ್ಟುಡಿಯೊ ಎಂಬ ಮಾತಿಗೆ ಈ ಪೇಟೆಯಲ್ಲಿ ತೂಕ ಹೆಚ್ಚು, ಏಕೆಂದರೆ ಅಲ್ಲಿನ ಕಾರ್ಲ್ ಹಾರ್ನರ್ ಎಂಬ ಛಾಯಾಗ್ರಾಹಕ ತೆಗೆದ ಭಾವಚಿತ್ರಗಳೇ ಹಲವು ಟಿ206 ಕಾರ್ಡುಗಳಿಗೆ ಆಧಾರ. ಹೋನಸ್ ವ್ಯಾಗ್ನರ್ ಎಂಬ ಆಟಗಾರನ, ಜಗತ್ತಿನಲ್ಲೇ ಹೆಸರುವಾಸಿಯಾದ ಕಾರ್ಡಿಗೆ ಆಧಾರವಾದದ್ದೂ ಹಾರ್ನರ್ ತೆಗೆದ ಚಿತ್ರವೇ. ಆದ್ದರಿಂದ ಬಾಸ್ಟನ್ ಎಂದೊಡನೆ ಬೆಲೆ ಏರುತ್ತದೆ. ಆದರೆ ಆ ಹೆಸರಿರುವುದು ರಟ್ಟಿನ ಮೇಲೆ. ರಟ್ಟು ಹಳೆಯದು ಎಂಬುದರಲ್ಲಿ ನನಗೂ ಹೆಚ್ಚು ಅನುಮಾನವಿಲ್ಲ: ಅಂಚು ಕಂದಿದೆ, ಮೂಲೆ ಪದರ ಬಿಚ್ಚಿದೆ, ಅತಿನೇರಳೆ ಬೆಳಕಿನಲ್ಲಿ ಕಪ್ಪಗೆ ಉಳಿದಿದೆ. ಅದೇ ಬೆಳಕಿನಲ್ಲಿ ಚಿತ್ರದ ಸುತ್ತಲಿನ ಸಣ್ಣ ಬಿಳಿ ಅಂಚು ಹೊಸದಾಗಿ ಒಗೆದ ಪಂಚೆಯಂತೆ ನೀಲಿಬಿಳುಪಾಗಿ ಹೊಳೆಯುತ್ತಿದೆ. ಪಂಚೆ ಹಾಗೆ ಹೊಳೆಯುವುದು ಸೋಪಿನ ಪುಡಿಯಲ್ಲಿರುವ ಬಿಳುಪು ಹೆಚ್ಚಿಸುವ ರಾಸಾಯನಿಕದಿಂದ. ಫೋಟೊ ಕಾಗದಕ್ಕೆ ಅಂಥದ್ದನ್ನು ಸೇರಿಸತೊಡಗಿದ್ದು 1950ರ ದಶಕದಲ್ಲಿ. ಮೇಲಾಗಿ, ಆ ಕಾಲದ ಸ್ಟುಡಿಯೊಗಳು ರಟ್ಟಿಗೆ ಅಂಟಿಸುವ ಮುನ್ನ ಚಿತ್ರವನ್ನು ಅಂಚಿನವರೆಗೆ ಕತ್ತರಿಸುತ್ತಿದ್ದುದೇ ಹೆಚ್ಚು; ಬಿಳಿ ಅಂಚು ಉಳಿದಿರುವುದೇ ಕೊಂಚ ವಿಚಿತ್ರ. ಹೊಳಪು ಧೂಳಿನಿಂದಲೋ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರಿಂದಲೋ ಬಂದಿರಬಹುದಾದ್ದರಿಂದ ಇದೊಂದರಿಂದಲೇ ತೀರ್ಪು ಕೊಡಲಾರೆ. ಹೊಳೆಯದಿದ್ದರೆ ಹಳೆಯದು ಎಂದೂ ಹೇಳಲಾಗದು, 1950ರ ನಂತರದ ಕೆಲವು ಕಾಗದಗಳಲ್ಲಿ ಆ ರಾಸಾಯನಿಕ ಇಲ್ಲ.

ನನ್ನನ್ನು ಒಪ್ಪಿಸಿದ್ದು ಇನ್ನೊಂದು ಗುರುತು. ಫೋಟೊದ ಬಲ ಮೇಲ್ಮೂಲೆಯಲ್ಲಿ ಓರೆಯಾದ ಒಂದು ಮಡಿಕೆ ಕಾಣುತ್ತದೆ, ಯಾರೋ ಪುಸ್ತಕದ ಹಾಳೆಯ ಕಿವಿ ಮಡಚಿದ ಹಾಗೆ. ಒಂದು ಮಗ್ಗುಲಿನಿಂದ ಬೆಳಕು ಬಿಟ್ಟು ತೆಗೆದ ಚಿತ್ರದಲ್ಲಿ ಅದೇ ಜಾಗ ಮೇಜಿನ ಗಾಜಿನಂತೆ ಸಪಾಟಾಗಿದೆ. ಉಬ್ಬಿಲ್ಲ, ಬಿರುಕಿಲ್ಲ, ನೆರಳಿಲ್ಲ. ಮಡಿಕೆ ಚಿತ್ರದಲ್ಲಿದೆ, ಕಾಗದದಲ್ಲಿ ಇಲ್ಲ. ಆ ಕಾಲದ ಸ್ಟುಡಿಯೊದ ನೆಗೆಟಿವ್ ಗಾಜಿನ ಹಲಗೆ. ಗಾಜು ಒಡೆಯಬಹುದು, ಮಡಚಿಕೊಳ್ಳುವುದಿಲ್ಲ. ಹಾಗಾಗಿ ಮೂಲೆ ಮಡಚಿದ್ದ ಇನ್ಯಾವುದೋ ಫೋಟೊವನ್ನು ಮುಂದಿಟ್ಟು ಮತ್ತೆ ಫೋಟೊ ತೆಗೆದು ಮಾಡಿದ ಪ್ರತಿ ಇದು ಎಂಬುದೊಂದೇ ನನಗೆ ತೋಚುವ ವಿವರಣೆ. ಎಡ ಭುಜದ ಮೇಲಿನ ಬಿಳಿ ಗೆರೆಯ ಬಗ್ಗೆ ಕೇಳಿದ್ದೀರಿ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಚ್ಚು ಹಾಕುವಾಗ ನೆಗೆಟಿವಿನ ಮೇಲೆ ಬಿದ್ದ ಕೂದಲೊಂದು ಅಸಲಿ ಫೋಟೊದಲ್ಲೂ ಹಾಗೆಯೇ ಬಿಳಿಯಾಗಿ ಮೂಡುತ್ತದೆ. ಟೋಪಿಯ ನೆರಳಿನೊಳಗೆ ಕಣ್ಣಿನ ವಿವರ ಕಪ್ಪಾಗಿ ಕಲಸಿಹೋಗಿರುವುದು ಮಾತ್ರ ಮಡಿಕೆಯ ಸಾಕ್ಷ್ಯಕ್ಕೆ ಜೊತೆಗೂಡುತ್ತದೆ, ಏಕೆಂದರೆ ಪ್ರತಿಯಿಂದ ಪ್ರತಿ ತೆಗೆದಾಗ ಮೊದಲು ಸಾಯುವುದು ನೆರಳಿನೊಳಗಿನ ಮತ್ತು ಬೆಳಕಿನ ತುದಿಯ ಸೂಕ್ಷ್ಮಗಳೇ.

ಕಸುಬಿನ ಆರಂಭದಲ್ಲಿ ನಾನೇ ಈ ತಪ್ಪು ಮಾಡಿದ್ದೆ. ವಯಸ್ಸಾದ ದಂಪತಿ ತಂದಿದ್ದ ಫೋಟೊವೊಂದರ ರಟ್ಟು, ಸ್ಟುಡಿಯೊದ ಹೆಸರು, ಹಿಂಬದಿಯ ಪೆನ್ಸಿಲ್ ಬರಹ ಎಲ್ಲವನ್ನೂ ನೋಡಿ ‘ಆ ಕಾಲದ್ದೇ’ ಎಂದುಬಿಟ್ಟೆ. ಎರಡು ದಿನಗಳ ನಂತರ ಮತ್ತೆ ತೆರೆದಾಗ ಚಿತ್ರದ ಮೂಲೆಯಲ್ಲಿ ಗುಂಡುಪಿನ್ನಿನ ತುಕ್ಕಿನ ಕಲೆ ಕಂಡಿತು. ಬೆರಳಾಡಿಸಿದರೆ ತುಕ್ಕೂ ಇಲ್ಲ, ತೂತೂ ಇಲ್ಲ. ಅವರಿಗೆ ಫೋನ್ ಮಾಡಿ ಮಾತನ್ನು ಹಿಂತೆಗೆದುಕೊಳ್ಳುವುದು ಸುಲಭವಾಗಿರಲಿಲ್ಲ. ಅಂದಿನಿಂದ ರಟ್ಟನ್ನು ಕೊನೆಗೆ ನೋಡುತ್ತೇನೆ. ಹಳೆಯ ಖಾಲಿ ರಟ್ಟುಗಳು ಸಿಗುತ್ತವೆ, ಬೆಲೆ ಇಲ್ಲದ ಹಳೆಯ ಫೋಟೊವನ್ನು ಬಿಡಿಸಿ ಬೇರೆಯದನ್ನು ಕೂರಿಸಲೂ ಆಗುತ್ತದೆ. ನಿಮ್ಮ ನೆರೆಮನೆಯವರು ಹಾಗೆ ಮಾಡಿದ್ದಾರೆಂದು ನಾನು ಹೇಳುತ್ತಿಲ್ಲ. ಮನೆಯ ಹಿರಿಯರೇ ಮೆಚ್ಚಿನ ಆಟಗಾರನ ಪ್ರತಿಯೊಂದನ್ನು ಕೈಗೆ ಸಿಕ್ಕ ಹಳೆಯ ರಟ್ಟಿಗೆ ಪ್ರೀತಿಯಿಂದ ಅಂಟಿಸಿಟ್ಟಿರಬಹುದು, ಮಕ್ಕಳು ಕೇಳಿದ ಕಥೆಯನ್ನೇ ನಂಬಿರಬಹುದು.

ಒಂದು ವೇಳೆ ಫೋಟೊ ಆ ಕಾಲದ್ದೇ ಆಗಿದ್ದರೂ ‘ಇಂಥದ್ದು ಬೇರೆಲ್ಲೂ ಇಲ್ಲ’ ಎಂಬ ಮಾತು ನಿಲ್ಲುತ್ತಿರಲಿಲ್ಲ. ಗಾಜಿನ ನೆಗೆಟಿವ್ ಒಂದರಿಂದ ಸ್ಟುಡಿಯೊದವರು ಬೇಕಾದಷ್ಟು ಪ್ರತಿ ತೆಗೆದು ಪತ್ರಿಕೆಗಳಿಗೆ, ಅಚ್ಚುಕೂಟಗಳಿಗೆ, ಅಭಿಮಾನಿಗಳಿಗೆ ಕೊಡುತ್ತಿದ್ದರು. ಅಚ್ಚುಕೂಟಕ್ಕೆ ಹೋದ ಪ್ರತಿಯೇ ಇದು ಎನ್ನಲು ಬೇರೆ ಸಾಕ್ಷ್ಯ ಬೇಕು: ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ಬಣ್ಣದ ಪೆನ್ಸಿಲಿನಲ್ಲಿ ಎಳೆದ ಗೆರೆ, ಹಿನ್ನೆಲೆಯನ್ನು ಅಳಿಸಲು ಬಳಿದ ಬಿಳಿ ಬಣ್ಣ, ಹಿಂಬದಿಯಲ್ಲಿ ಅಳತೆಯ ಟಿಪ್ಪಣಿ ಅಥವಾ ಮೊಹರು. ನಿಮ್ಮದರಲ್ಲಿ ಒಂದೂ ಇಲ್ಲ. ಚಿತ್ರ ಹೋಲುತ್ತದೆ ಎಂಬುದು ನೆಗೆಟಿವ್ ಒಂದೇ ಎಂಬುದಕ್ಕೆ ಸಾಕ್ಷಿ, ಈ ಹಾಳೆ ಯಾವ ಮೇಜಿನ ಮೇಲಿತ್ತು ಎಂಬುದಕ್ಕಲ್ಲ.

ವ್ಯಾಪಾರದವರು ಹಳೆಯ ಫೋಟೊಗಳನ್ನು ನಾಲ್ಕು ‘ಟೈಪ್’ಗಳಾಗಿ ವಿಂಗಡಿಸುತ್ತಾರೆ. ಮೂಲ ನೆಗೆಟಿವಿನಿಂದ, ಚಿತ್ರ ತೆಗೆದ ಸುಮಾರು ಎರಡು ವರ್ಷದೊಳಗೆ ಮಾಡಿದ ಪ್ರತಿ ಟೈಪ್ 1. ಮೂಲ ನೆಗೆಟಿವಿನಿಂದಲೇ ಆದರೂ ಆಮೇಲೆ ಮಾಡಿದ್ದು ಟೈಪ್ 2. ನಕಲು ನೆಗೆಟಿವಿನಿಂದ ಅಥವಾ ತಂತಿಯ (ಟೆಲಿಗ್ರಾಫ್, ಟೆಲಿಫೋನ್ ತಂತಿಯ) ಮೂಲಕ ಬಂದ ಚಿತ್ರದಿಂದ ಆ ಎರಡು ವರ್ಷದೊಳಗೆ ಮಾಡಿದ್ದು ಟೈಪ್ 3, ನಂತರ ಮಾಡಿದ್ದು ಟೈಪ್ 4. ಇದು ಕೊಳ್ಳುವವರ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು, ಶಾಸ್ತ್ರವಲ್ಲ. ಎರಡು ವರ್ಷದ ಗಡಿಯನ್ನು ಯಾವ ಮಸೂರವೂ ತೋರಿಸಲಾರದು. ಆದರೂ ಬೆಲೆ ನಿಲ್ಲುವುದು ಅದರ ಮೇಲೆ. ನಿಮ್ಮದು ಟೈಪ್ 4ಕ್ಕೆ ಹೋಗುವ ಸಾಧ್ಯತೆಯೇ ಹೆಚ್ಚು.

‘ಮೂಲ ಫೋಟೊವಾದ್ದರಿಂದ ಕಾರ್ಡಿಗಿಂತ ಬೆಲೆ ಹೆಚ್ಚಿರಲೇಬೇಕಲ್ಲವೇ’ ಎಂದು ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ನ್ಯಾಯವಾಗಿ ಹಾಗಿರಬೇಕು, ಪೇಟೆಯಲ್ಲಿ ಹಾಗಿಲ್ಲ. 2022ರಲ್ಲಿ ವ್ಯಾಗ್ನರ್‌ನ ಟಿ206 ಕಾರ್ಡೊಂದು 72.5 ಲಕ್ಷ ಡಾಲರಿಗೂ, 1952ರ ಟಾಪ್ಸ್ ಸರಣಿಯ ಮಿಕಿ ಮ್ಯಾಂಟಲ್ ಕಾರ್ಡೊಂದು 1 ಕೋಟಿ 26 ಲಕ್ಷ ಡಾಲರಿಗೂ ಹೋದವು. ಮ್ಯಾಂಟಲ್ ಕಾರ್ಡೂ ಕಪ್ಪು-ಬಿಳುಪು ಫೋಟೊಗೆ ಬಣ್ಣ ಹಾಕಿ ಅಚ್ಚು ಮಾಡಿದ್ದೇ. ಕಾರ್ಡಿಗೆ ಸಂಖ್ಯೆಯಿದೆ, ಪಟ್ಟಿಯಿದೆ, ಪಟ್ಟಿ ಪೂರ್ತಿ ಮಾಡಿಕೊಳ್ಳಲು ಹೊರಟ ಸಾವಿರಾರು ಜನರಿದ್ದಾರೆ. ಫೋಟೊಗೆ ಅಂತಹ ಪಟ್ಟಿಯಿಲ್ಲ. ಕೊಳ್ಳುವವರು ಕಡಿಮೆ, ಅನುಮಾನ ಹೆಚ್ಚು.

ಹಾಗಾದರೆ ಏನು ಮಾಡಬಹುದು? ನಾನಾಗಿದ್ದರೆ ಜೋಡಿಯ ಬೆಲೆಯನ್ನು ಒಡೆಯಿರಿ ಎಂದು ಮೊದಲು ಕೇಳುತ್ತಿದ್ದೆ. ಕಾರ್ಡಿಗೆ ಕಾರ್ಡಿನ ಬೆಲೆ; ಅದೇ ಆಟಗಾರನ, ಅದೇ ಸ್ಥಿತಿಯ ಕಾರ್ಡುಗಳು ಈಚೆಗೆ ಹರಾಜಿನಲ್ಲಿ ಎಷ್ಟಕ್ಕೆ ಹೋದವು ಎಂಬುದು ಹುಡುಕಿದರೆ ಸಿಗುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 1887ರಿಂದ 1914ರವರೆಗಿನ 2,100 ಬೇಸ್‌ಬಾಲ್ ಕಾರ್ಡುಗಳ ಸಂಗ್ರಹವಿದ್ದು, ಅವುಗಳ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಿಮ್ಮ ಆಟಗಾರನ ಟಿ206 ಅಲ್ಲಿ ಇದ್ದರೆ ಕಾಲರಿನ ಗೆರೆ, ಅಕ್ಷರಗಳ ನಡುವಿನ ಅಂತರಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ. ಕಾರ್ಡನ್ನು ಅಳೆಯಿರಿ. ಸುಮಾರು 36.5 ಮಿಲಿಮೀಟರ್ ಅಗಲ, 66.7 ಮಿಲಿಮೀಟರ್ ಎತ್ತರ ಇರಬೇಕು. ಸ್ವಲ್ಪ ಹೆಚ್ಚುಕಡಿಮೆ ಇರುವುದು ಸಹಜ, ಆದರೆ ಒಂದು ಅಂಚು ಮಾತ್ರ ಚೂಪಾಗಿ ಹೊಸದಾಗಿದ್ದರೆ ಸವೆದ ಮೂಲೆಗಳನ್ನು ಮರೆಸಲು ಕತ್ತರಿಸಿರುತ್ತಾರೆ. ಇದು ಸಣ್ಣಪುಟ್ಟ ಕಾರ್ಡುಗಳ ರೋಗವಲ್ಲ: ಅತ್ಯಂತ ಹೆಸರಾದ ವ್ಯಾಗ್ನರ್ ಕಾರ್ಡಿನ ಅಂಚನ್ನೇ ಕತ್ತರಿಸಿದ್ದಾಗಿ ಅದನ್ನು ಮಾರಿದ್ದವನು 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ.

ಎರಡನೆಯ ದಾರಿ, ಮೂರನೆಯವರ ಪರೀಕ್ಷೆಗೆ ಕಳುಹಿಸುವುದು. ಅದಕ್ಕೆ ಶುಲ್ಕವಿದೆ, ಎರಡು ವಾರ ಸಾಲದೇ ಹೋಗಬಹುದು. ಹಾಗೆ ಮಾಡುವುದಾದರೆ ಪರೀಕ್ಷೆಯಲ್ಲಿ ಬಿದ್ದುಹೋದರೆ ಹಣ ಹಿಂದಿರುಗಿಸುತ್ತೇವೆ ಎಂದು ಮಾರುವವರಿಂದ ಬರೆಸಿಕೊಳ್ಳಿ. ಪಕ್ಕದ ಬೀದಿಯವರೆಂಬ ಸಂಕೋಚ ಬೇಡ, ಬರಹವಿದ್ದರೆ ನೆಂಟಸ್ತಿಕೆ ಕೆಡುವುದಿಲ್ಲ. ಪ್ರಮಾಣಪತ್ರವೂ ಅಭಿಪ್ರಾಯವೇ ಎಂಬುದು ನೆನಪಿರಲಿ. ಪರೀಕ್ಷಿಸಿದವರು ಕಾರ್ಡನ್ನು ಒಮ್ಮೆ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿದ ಮೇಲೆ ಅಂಚನ್ನಾಗಲೀ ದಪ್ಪವನ್ನಾಗಲೀ ನೀವು ಮತ್ತೆ ಪರೀಕ್ಷಿಸಲು ಆಗುವುದಿಲ್ಲ.

ಫೋಟೊ ಮಗನಿಗೆ ತುಂಬ ಇಷ್ಟವಾಗಿದ್ದರೆ ಅಲಂಕಾರದ ವಸ್ತುವೆಂದು, ಚೌಕಟ್ಟಿಗೆ ಕೊಡುವಷ್ಟು ಹಣ ಕೊಟ್ಟು ಕೊಳ್ಳಿ. ಅದರಲ್ಲಿ ನಷ್ಟವೇನಿಲ್ಲ. ಹಿಂಬದಿ ನೋಡುವ ಆಸೆಯಿಂದ ಚಿತ್ರವನ್ನು ರಟ್ಟಿನಿಂದ ಬಿಡಿಸಲು ಮಾತ್ರ ಹೋಗಬೇಡಿ, ಹಬೆ ಹಿಡಿಯುವುದಂತೂ ಬೇಡವೇ ಬೇಡ. ಚಿತ್ರವನ್ನು ಹೊತ್ತಿರುವ ಜೆಲಟಿನ್ ಪದರ ಬಿಸಿ ನೀರಿಗೆ ಕರಗುತ್ತದೆ, ಮುಖವೇ ಕಿತ್ತುಬರುತ್ತದೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಇಡಬೇಡಿ, ಹಳೆಯ ರಟ್ಟಿನ ಆಮ್ಲ ಕಾರ್ಡಿನ ಬಿಳಿ ಅಂಚನ್ನು ಕಂದಿಸುತ್ತದೆ. ಮೆತ್ತನೆಯ ಪಿವಿಸಿ ಚೀಲ ಬೇಡ, ಪಾಲಿಯೆಸ್ಟರ್ ಹಾಳೆಯದು ಆಗಬಹುದು. ಬೇಸಿಗೆ ರಜೆಯಲ್ಲಿ ಊರಿಗೆ ತಂದು ತೋರಿಸುವ ಯೋಚನೆಯಿದೆ ಎಂದು ಬರೆದಿದ್ದೀರಿ. ನಿಮ್ಮ ಬೇಸಿಗೆ ರಜೆಯೆಂದರೆ ಹಾಸನದಲ್ಲಿ ಮುಂಗಾರು, ಆ ತೇವದಲ್ಲಿ ಜೆಲಟಿನ್ ಊದಿಕೊಂಡು ಗಾಜಿಗೆ ಅಂಟಿಕೊಳ್ಳುತ್ತದೆ, ಬೂಷ್ಟೂ ಹಿಡಿಯುತ್ತದೆ. ಸ್ಕ್ಯಾನ್ ಮಾಡಿ ಅದನ್ನು ತನ್ನಿ.

ಹಣ ಕೊಡುವ ಮುನ್ನ ನನಗೆ ಇನ್ನೂ ಎರಡು ಚಿತ್ರ ಕಳುಹಿಸಿ: ಕಾರ್ಡಿನ ಹಿಂಬದಿಯಲ್ಲಿರುವ ಸಿಗರೇಟು ಜಾಹೀರಾತಿನದು ಒಂದು, ಫೋಟೊದ ಬಲ ಮೇಲ್ಮೂಲೆಗೆ ಈ ಬಾರಿ ಎದುರು ದಿಕ್ಕಿನಿಂದ ಬೆಳಕು ಬಿಟ್ಟು ತೆಗೆದದ್ದು ಇನ್ನೊಂದು. ಆ ಬೆಳಕಿನಲ್ಲೂ ಮಡಿಕೆಗೆ ನೆರಳು ಬೀಳದಿದ್ದರೆ ಫೋಟೊದ ಬಗ್ಗೆ ನನ್ನ ಮಾತು ಬದಲಾಗುವುದಿಲ್ಲ.